ನೆಲಕ್ಕಂಟಿದ ಪೇಂಟಿಗೆ ಬಿಸಿನೀರೋ, ಸ್ಪಿರಿಟ್ಟೋ, ಥಿನ್ನರ್ರೋ, ಆಸಿಡ್ಡೋ?

"ಒರೆಸಿದ್ರೆ ಹೋಗುತ್ತೆ ಬಿಡಿ ಅಕ್ಕಾ" ಅಂತ ಪೇಂಟರ್ ಹೇಳಿ ಹೋಗಿ ಹದಿನೆಂಟು ದಿನವಾಗಿತ್ತು. ಒರೆಸಿದ್ದೆ. ಹೋಗಿರಲಿಲ್ಲ.

ತುಮಕೂರಿನ ಚಿಕ್ಕಪೇಟೆಯಲ್ಲಿರುವ ನಮ್ಮ ಮನೆ ಒಂದೇ ಸಲಕ್ಕೆ ಕಟ್ಟಿದ್ದಲ್ಲ. ನಡುಮನೆ ಮಾವನವರ ಕಾಲದ್ದು, ರೆಡ್ ಆಕ್ಸೈಡ್ ನೆಲ. ಅಡುಗೆಮನೆಗೆ ಕಡಪ ಕಲ್ಲು. ಮುಂದಿನ ರೂಮು ನಾವು ಸೇರಿಸಿದ್ದು, ಅದಕ್ಕೆ ವಿಟ್ರಿಫೈಡ್ ಟೈಲ್ಸು. ಪೇಂಟೂ ಮೂರು ಜಾತಿ: ಸೀಲಿಂಗಿಗೆ ಡಿಸ್ಟೆಂಪರ್, ಗೋಡೆಗೆ ಎಮಲ್ಷನ್, ಬಾಗಿಲು ಕಿಟಕಿಗೆ ಹಸಿರು ಆಯಿಲ್ ಪೇಂಟು. ಪೇಂಟರ್ ಹಾಸಿದ್ದು ಹಳೇ ನ್ಯೂಸ್‌ಪೇಪರು. ಬೇಗ ಆರಲಿ ಅಂತ ಫ್ಯಾನ್ ಹಾಕಿದವಳು ನಾನೇ, ಪೇಪರೆಲ್ಲ ಮೂಲೆಗೆ ಹಾರಿಹೋಯ್ತು. ಅವತ್ತೇ ಒದ್ದೆ ಬಟ್ಟೆ ಹಿಡಿದಿದ್ದರೆ ಮುಕ್ಕಾಲು ಪಾಲು ಹೋಗುತ್ತಿತ್ತು. ಹಿಡಿಯಲಿಲ್ಲ. ವರಮಹಾಲಕ್ಷ್ಮಿ ಹಬ್ಬಕ್ಕೆ ಒಂಬತ್ತು ದಿನ ಇದ್ದಾಗ ಎಚ್ಚರವಾಯ್ತು.

ಸಲಹೆಗೇನೂ ಬರವಿರಲಿಲ್ಲ. ಅತ್ತೆ ಸೀಮೆಎಣ್ಣೆ ಅಂದರು, ಅದು ಈಗೆಲ್ಲಿ ಸಿಗುತ್ತೆ? ಪಕ್ಕದ ಮನೆಯವರು ಬಾತ್‌ರೂಮ್ ಆಸಿಡ್ ಅಂದರು. ಮಂಡಿಪೇಟೆಯ ಹಾರ್ಡ್‌ವೇರ್ ಅಂಗಡಿಯವರು ಥಿನ್ನರ್, ಟರ್ಪಂಟೈನ್, ಪೇಂಟ್ ರಿಮೂವರ್ ಮೂರನ್ನೂ ಕೌಂಟರ್ ಮೇಲಿಟ್ಟು "ಯಾವುದು ಕೊಡ್ಲಿ?" ಅಂತ ನನ್ನನ್ನೇ ಕೇಳಿದರು. ಮೂರನ್ನೂ ತಂದೆ. ದಿನಕ್ಕೊಂದು ಗಂಟೆ ಮಂಡಿ ಊರಿ ಕೂತು, ಒಂದೊಂದನ್ನು ಒಂದೊಂದು ನೆಲದ ಮೇಲೆ ಹಾಕಿ ನೋಡಿದೆ.

ಮೊದಲು ಖರ್ಚಿಲ್ಲದ್ದು. ಕೈ ತಾಳುವಷ್ಟು ಬಿಸಿನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಚಮಚ ಬೆರೆಸಿ, ಹಳೇ ಟವೆಲ್ ಅದ್ದಿ, ಕಲೆಯ ಮೇಲೆ ಹಾಸಿ ಇಪ್ಪತ್ತು ನಿಮಿಷ ಬಿಟ್ಟೆ. ಡಿಸ್ಟೆಂಪರ್ ಮೂರೂ ನೆಲದಿಂದ ಮಾತಿಲ್ಲದೆ ಎದ್ದು ಬಂತು. ಅದರಲ್ಲಿರುವುದು ಬಹುಪಾಲು ಸೀಮೆಸುಣ್ಣದ ಪುಡಿ, ಸ್ವಲ್ಪ ಅಂಟು. ನೆನೆದರೆ ಮುಗಿಯಿತು. ಅದರ ಬಗ್ಗೆ ಇನ್ನು ಬರೆಯಲು ಏನೂ ಇಲ್ಲ.

ಎಮಲ್ಷನ್ ಹಾಗಲ್ಲ. ನೀರಲ್ಲಿ ಕಲಸುವ ಪೇಂಟು ನೀರಲ್ಲೇ ಹೋಗಬೇಕು ಅಂತ ನಾನೂ ಅಂದುಕೊಂಡಿದ್ದೆ. ನೀರು ಆರಿಹೋಗುವಾಗ ಒಳಗಿನ ಅಕ್ರಿಲಿಕ್ ಕಣಗಳು ಒಂದಕ್ಕೊಂದು ಬೆಸೆದು ತೆಳು ಪ್ಲಾಸ್ಟಿಕ್ ಪೊರೆಯಾಗಿಬಿಡುತ್ತವೆ. ಆಮೇಲೆ ನೀರಿಗೆ ಅದು ಕರಗುವುದಿಲ್ಲ, ಬಿಸಿಗೆ ಒಂಚೂರು ಮೆತ್ತಗಾಗುತ್ತೆ ಅಷ್ಟೆ. ಟೈಲ್ಸ್ ಮೇಲೆ ಆ ಒಂಚೂರೇ ಸಾಕಾಯ್ತು. ಟವೆಲ್ ತೆಗೆದ ತಕ್ಷಣ ಪುಟ್ಟಿ ಬ್ಲೇಡನ್ನು ನೆಲಕ್ಕೆ ಮಲಗಿಸಿದ ಹಾಗೆ ಹಿಡಿದು ತಳ್ಳಿದರೆ ಹನಿಗಳು ಹಪ್ಪಳದ ಚೂರಿನ ಹಾಗೆ ಎದ್ದವು. ಟೈಲ್ಸ್ ಸಂದಿನಲ್ಲಿ ಇಳಿದದ್ದು ಮಾತ್ರ ಬರಲಿಲ್ಲ. ರೆಡ್ ಆಕ್ಸೈಡ್ ಮೇಲೆ ಬ್ಲೇಡ್ ಇಡುವ ಧೈರ್ಯ ನನಗಿರಲಿಲ್ಲ. ಇರದಿದ್ದದ್ದೇ ಒಳ್ಳೇದಾಯ್ತು ಅಂತ ಆಮೇಲೆ ಗೊತ್ತಾಯ್ತು. ಬೀರು ಹಿಂದೆ, ಯಾರಿಗೂ ಕಾಣದ ಜಾಗದಲ್ಲಿ ಒಂದು ಸಲ ಕೆರೆದು ನೋಡಿದೆ. ಬಿಳಿ ಗೀರು ಬಿತ್ತು, ಈಗಲೂ ಇದೆ.

ಎಮಲ್ಷನ್ನಿಗೆ ನಿಜವಾದ ಮದ್ದು ಮನೆಯ ಬಚ್ಚಲ ಗೂಡಿನಲ್ಲೇ ಕೂತಿತ್ತು. ಕೊರೊನಾ ಕಾಲದಲ್ಲಿ ತಂದು ಮುಗಿಸಲಾಗದೆ ಉಳಿದ ಸ್ಯಾನಿಟೈಸರ್. ಅದರಲ್ಲಿರುವ ಆಲ್ಕೋಹಾಲ್‌ಗೆ ಅಕ್ರಿಲಿಕ್ ಪೊರೆ ಉಬ್ಬಿ ಸಡಿಲವಾಗುತ್ತೆ. ಮೆಡಿಕಲ್ ಶಾಪಿನ ಸರ್ಜಿಕಲ್ ಸ್ಪಿರಿಟ್ಟಿಗೂ ಅದೇ ಗುಣ. ಎರಡನ್ನೂ ಅಕ್ಕಪಕ್ಕದ ಹನಿಗಳ ಮೇಲೆ ಹಾಕಿ ನೋಡಿದೆ. ಸ್ಪಿರಿಟ್ಟು ಜೋರು, ಆದರೆ ಫ್ಯಾನ್ ಆರಿಸಿದ್ದರೂ ನಿಮಿಷದೊಳಗೆ ಆರಿಹೋಗುತ್ತೆ, ಮತ್ತೆ ಮತ್ತೆ ಹತ್ತಿ ಅದ್ದಬೇಕು. ಸ್ಯಾನಿಟೈಸರ್ ಜೆಲ್ಲು ಹಾಕಿದ ಕಡೆಯೇ ಕೂರುತ್ತೆ, ಹರಿಯುವುದಿಲ್ಲ. ಹನಿಯ ಮೇಲೆ ಒಂದು ತೊಟ್ಟು ಬಿಟ್ಟು ಮೇಲೊಂದು ಬಾಟಲಿ ಮುಚ್ಚಳ ಬೋರಲು ಹಾಕಿ ಐದು ನಿಮಿಷ ಕಾದರೆ, ಅಂಚು ಮೇಲೆದ್ದಿರುತ್ತೆ. ಹಳೇ ಎಟಿಎಂ ಕಾರ್ಡಿನ ಮೂಲೆ ಅದರ ಕೆಳಗೆ ತೂರಿಸಿದರೆ ಇಡೀ ಹನಿ ರಬ್ಬರಿನ ಬಿಲ್ಲೆಯ ಹಾಗೆ ಸುರುಳಿಯಾಗಿ ಬರುತ್ತೆ. ರೆಡ್ ಆಕ್ಸೈಡ್ ಮೇಲೂ ಇದೇ ಮಾಡಿದೆ. ಹೊಳಪು ಒಂದು ಕಣ ಮಂಕಾಯಿತು, ಗೀರು ಬೀಳಲಿಲ್ಲ. ಗ್ಯಾಸ್ ಒಲೆ ಆರಿಸಿಯೇ ಮಾಡಬೇಕು, ಇದೆಲ್ಲ ಬೆಂಕಿಗೆ ಕಾದು ಕೂತಿರುವ ಸಾಮಾನು.

ಸ್ಪಿರಿಟ್ಟಿನಿಂದ ಇನ್ನೊಂದು ಉಪಕಾರವಿದೆ. ಯಾವ ಪೇಂಟು ಅಂತ ಗೊತ್ತಿಲ್ಲದಿದ್ದರೆ ಹತ್ತಿಗೆ ಸ್ಪಿರಿಟ್ ಹಾಕಿ ಕಲೆಯ ಮೇಲೆ ಉಜ್ಜಿ. ಬಣ್ಣ ಹತ್ತಿಗೆ ಬಂದರೆ ಎಮಲ್ಷನ್, ಬರದಿದ್ದರೆ ಆಯಿಲ್ ಪೇಂಟು. ಇದನ್ನು ಮೊದಲ ದಿನವೇ ಮಾಡಿದ್ದರೆ ಮುಂದಿನ ಅರ್ಧ ಅವಾಂತರ ತಪ್ಪುತ್ತಿತ್ತು.

ಆಸಿಡ್ ಕಥೆ ಹೇಳಲೇಬೇಕು. ಅಡುಗೆಮನೆ ಕಿಟಕಿಯ ಕೆಳಗೆ ಕಡಪ ಕಲ್ಲಿನ ಮೇಲೆ ನಾಣ್ಯದಗಲ ಹಸಿರು ಬಿದ್ದಿತ್ತು. ಪಕ್ಕದ ಮನೆಯವರ ಮಾತು ಕೇಳಿ ನಾಲ್ಕು ತೊಟ್ಟು ಬಾತ್‌ರೂಮ್ ಆಸಿಡ್ ಬಿಟ್ಟೆ. ಬುಸಬುಸ ನೊರೆ ಎದ್ದಿತು. "ನೋಡಿ ಅತ್ತೆ, ಪೇಂಟು ಹೇಗೆ ಕುದೀತಿದೆ!" ಅಂತ ಕೂಗಿ ಕರೆದೆ. ಅತ್ತೆ ಬಂದು ನೋಡಿ, ಮೂಗು ಮುಚ್ಚಿಕೊಂಡು, "ಕುದೀತಿರೋದು ಕಲ್ಲು ಕಣೇ" ಅಂದರು. ನೀರು ಸುರಿದು ಒರೆಸಿ ನೋಡಿದರೆ ಹಸಿರು ಬಿಲ್ಲೆ ಹಾಗೇ ಕೂತಿದೆ, ಸುತ್ತ ಕಪ್ಪು ಕಲ್ಲು ಬೂದಿ ಬಣ್ಣಕ್ಕೆ ತಿರುಗಿ, ಮುಟ್ಟಿದರೆ ಮರಳುಮರಳು. ಕಡಪ ಕಲ್ಲು ಅಂದರೆ ಸುಣ್ಣದ ಕಲ್ಲು. ಆಸಿಡ್ ತಿನ್ನುವುದು ಅದರ ಸುಣ್ಣವನ್ನು, ಪೇಂಟನ್ನಲ್ಲ. ಮಾರ್ಬಲ್, ಮೊಸಾಯಿಕ್, ರೆಡ್ ಆಕ್ಸೈಡ್, ಟೈಲ್ಸ್ ಸಂದಿನ ಸಿಮೆಂಟು ಎಲ್ಲಕ್ಕೂ ಇದೇ ಗತಿ. ವಿಟ್ರಿಫೈಡ್ ಟೈಲ್ಸ್ ಆಸಿಡ್ ತಾಳಬಹುದು, ಆದರೆ ಅಲ್ಲೂ ಪೇಂಟು ತೆಗೆಯಲಾರದ್ದನ್ನು ಯಾಕೆ ಸುರಿಯಬೇಕು? ಆಸಿಡ್ ಮೇಲೆ ಬ್ಲೀಚಿಂಗ್ ಪೌಡರ್ ಹಾಕಿ ತೊಳೆಯುತ್ತೇನೆ ಅನ್ನುವವರಿದ್ದರೆ ದಮ್ಮಯ್ಯ, ಬೇಡ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತೆ, ಮುಚ್ಚಿದ ಬಚ್ಚಲಲ್ಲಿ ಜೀವಕ್ಕೇ ಕುತ್ತು.

ಇನ್ನು ಉಳಿದದ್ದು ಆಯಿಲ್ ಪೇಂಟು, ಈ ಒಂಬತ್ತು ದಿನದ ಅಸಲಿ ಕುಸ್ತಿ. ಪೇಂಟರ್ ಬ್ರಷ್ ತೊಳೆಯುವುದು ಟರ್ಪಂಟೈನಿನಲ್ಲೇ ಅಲ್ಲವೇ ಅಂತ ಮೊದಲು ಅದನ್ನೇ ಹಿಡಿದೆ. ಹಸಿ ಪೇಂಟಿಗೆ ಮಾತ್ರ ಆ ಲೆಕ್ಕ. ಆಯಿಲ್ ಪೇಂಟು ಆರುವುದೆಂದರೆ ಬರೀ ಆವಿಯಾಗುವುದಲ್ಲ, ಅದರ ಎಣ್ಣೆ ಗಾಳಿಯ ಆಮ್ಲಜನಕದ ಜೊತೆ ಸೇರಿ ಗಟ್ಟಿಕಟ್ಟುತ್ತೆ. ಹದಿನೆಂಟು ದಿನದ ಹನಿಗೆ ಟರ್ಪಂಟೈನ್ ಸ್ನಾನದ ನೀರಿದ್ದ ಹಾಗೆ. ನಡುಮನೆಯಲ್ಲಿ ಹತ್ತು ನಿಮಿಷ ಉಜ್ಜಿ ಬಟ್ಟೆ ತಿರುಗಿಸಿ ನೋಡಿದೆ. ಬಟ್ಟೆಗೆ ಬಂದಿದ್ದದ್ದು ಹಸಿರಲ್ಲ, ಕೆಂಪು. ಅಷ್ಟು ವರ್ಷ ಅತ್ತೆ ಉಜ್ಜಿ ಉಜ್ಜಿ ಕೂರಿಸಿದ್ದ ಮೇಣದ ಪಾಲಿಶ್ಶು ಅದು. ಬಟ್ಟೆಯನ್ನು ಸೆರಗಿನ ಕೆಳಗೆ ಬಚ್ಚಿಟ್ಟುಕೊಂಡು ಹಿತ್ತಲಿಗೆ ಹೋದೆ.

ಥಿನ್ನರ್ ಇದಕ್ಕಿಂತ ಖಾರ. ವಾಸನೆಗೆ ತಲೆ ಸುತ್ತುತ್ತೆ, ಕಿಟಕಿ ಬಾಗಿಲು ತೆರೆದಿಡದೆ ಮುಟ್ಟಬಾರದು. ಟೈಲ್ಸ್ ಮೇಲೆ ಹತ್ತಿ ಅದ್ದಿ, ಮುಚ್ಚಳ ಬೋರಲು ಹಾಕಿ ಹತ್ತು ನಿಮಿಷ ಬಿಟ್ಟರೆ ಹಸಿರು ಹನಿ ಮೆತ್ತಗಾಗಿ ಬ್ಲೇಡಿಗೆ ಬಂತು. ರೆಡ್ ಆಕ್ಸೈಡ್ ಮೇಲೆ ಅದೇ ಥಿನ್ನರ್ ವೈರಿಯಾಯ್ತು. ಅರ್ಧ ಕರಗಿದ ಹಸಿರು ಅಕ್ಕಪಕ್ಕ ಹರಡಿ, ಹೆಸರುಕಾಳಿನಷ್ಟಿದ್ದದ್ದು ಅಂಗೈಯಗಲ ಮಸಿ ಬಳಿದ ಹಾಗಾಯ್ತು. ಮಹಡಿಯ ರೂಮಿನಲ್ಲಿ ಹಾಸಿರುವ ಪಿವಿಸಿ ಶೀಟಿನ ಹತ್ತಿರ ಅದನ್ನು ಒಯ್ಯಲೂ ಇಲ್ಲ. ಪೇಂಟಿಗಿಂತ ಮೊದಲು ಶೀಟೇ ಮೆತ್ತಗಾಗುತ್ತೆ.

ಪೇಂಟ್ ರಿಮೂವರ್ ಹಚ್ಚಿದ್ದು ಮುಂದಿನ ರೂಮಿನ ಹೊಸ್ತಿಲ ಬಳಿಯ ಟೈಲ್ಸಿಗೆ, ಬಾಗಿಲು ತೆರೆದು, ದಪ್ಪ ರಬ್ಬರ್ ಗ್ಲೌಸ್ ತೊಟ್ಟು. ಅದರ ಕೆಲಸ ನೋಡಬೇಕು. ಬ್ರಷ್ಷಿನಿಂದ ಹಚ್ಚಿದ ಸ್ವಲ್ಪ ಹೊತ್ತಿಗೆ ಹಸಿರು, ಕಾದ ಹಾಲಿನ ಮೇಲಿನ ಕೆನೆಯ ಹಾಗೆ ಸುಕ್ಕುಗಟ್ಟಿ ಮೇಲೆದ್ದಿತು. ಬ್ಲೇಡ್ ಮುಟ್ಟಿದರೆ ಸಾಕು. ವೇಗದಲ್ಲಿ ಇದಕ್ಕೆ ಸಾಟಿಯೇ ಇಲ್ಲ. ಆದರೆ ಡಬ್ಬಿಯ ಹಿಂದೆ ಸಣ್ಣಕ್ಷರದಲ್ಲಿ ಮೆಥಿಲೀನ್ ಕ್ಲೋರೈಡ್ ಅಂತಿತ್ತು. ಮನೆಯವರು ತಾವೇ ಬಳಸುವ ಪೇಂಟ್ ರಿಮೂವರಿನಲ್ಲಿ ಅದು ಇರಕೂಡದು ಅಂತ ಅಮೆರಿಕದಲ್ಲಿ 2019ರಲ್ಲೇ ನಿಷೇಧಿಸಿದ್ದಾರೆ. ಗಾಳಿಯಾಡದ ಜಾಗದಲ್ಲಿ ಅದರ ಆವಿ ಕುಡಿದು ಸತ್ತವರಿದ್ದಾರೆ. ಉಳಿದ ಡಬ್ಬಿಯನ್ನು ಇನ್ನು ತೆರೆಯುವುದಿಲ್ಲ ಅಂತ ತೀರ್ಮಾನಿಸಿದೆ. ಟೈಲ್ಸಿಗೆ ಥಿನ್ನರ್, ಮುಚ್ಚಳ, ಬ್ಲೇಡು ಸಾಕು. ಹತ್ತು ನಿಮಿಷ ಹೆಚ್ಚಾದರೆ ಆಗಲಿ.

ನಡುಮನೆಯ ಹಸಿರಿಗೆ ಕೊನೆಗೆ ದಾರಿ ತೋರಿಸಿದವರು ಅತ್ತೆ. ಅವರ ಊರು ತಿಪಟೂರಿನ ಕಡೆ, ಅವರ ಪ್ರಕಾರ ಕೊಬ್ಬರಿ ಎಣ್ಣೆಗೆ ಬಗ್ಗದ ಕಾಯಿಲೆಯೇ ಇಲ್ಲ. ನಾನು ನಂಬಲಿಲ್ಲ. ಹನಿಗಳ ಮೇಲೆಲ್ಲ ಉಗುರುಬೆಚ್ಚಗಿನ ಎಣ್ಣೆ ಬಿಟ್ಟು, ಹತ್ತಿ ಒತ್ತಿ, ರಾತ್ರಿಯಿಡೀ ಬಿಟ್ಟರು. ಬೆಳಿಗ್ಗೆ ಹೇರ್ ಡ್ರೈಯರ್ ಗಾಳಿ ಹಾಯಿಸಿ, ಎಟಿಎಂ ಕಾರ್ಡಿನಿಂದ ನೂಕಿದೆ. ಎಣ್ಣೆ ಪೇಂಟನ್ನು ಕರಗಿಸಿರಲಿಲ್ಲ, ಆದರೆ ಪಾಲಿಶ್ ಇದ್ದ ಕಡೆ ಅಂಚಿನಿಂದ ಅಡಿಗೆ ನುಸುಳಿತ್ತು. ದಪ್ಪ ಹನಿಗಳಲ್ಲಿ ಅರ್ಧಕ್ಕರ್ಧ ಚಿಪ್ಪಿನ ಹಾಗೆ ಕಳಚಿದವು. ತೆಳುವಾಗಿ ಸಿಡಿದ ಚುಕ್ಕೆಗಳು ಹಾಗೇ ಉಳಿದವು. ನಾನು ಟರ್ಪಂಟೈನ್ ಉಜ್ಜಿದ ಜಾಗದಲ್ಲಂತೂ ಒಂದೂ ಏಳಲಿಲ್ಲ. ಪಾಲಿಶ್ ತೆಗೆದವಳು ನಾನೇ ಆದ್ದರಿಂದ ಬಾಯಿ ಮುಚ್ಚಿಕೊಂಡಿದ್ದೆ.

ಕಿಟಕಿಯ ಬುಡದಲ್ಲಿ ಇನ್ನೂ ಹಳೆಯ, ಕೆನೆ ಬಣ್ಣದ ಚುಕ್ಕೆಗಳಿದ್ದವು, ಯಾವ ಕಾಲದ ಪೇಂಟಿಂಗೋ. ಉಪ್ಪುಕಾಗದ ಹಿಡಿದು ಅವನ್ನೂ ಉಜ್ಜಿಬಿಡೋಣ ಅಂತ ಕೂತೆ. ಪಕ್ಕದಲ್ಲೇ ನಾದಿನಿಯ ಮಗು ಅಂಬೆಗಾಲಿಡುತ್ತಿತ್ತು, ಕೈ ನೇರ ಬಾಯಿಗೆ. ಎದ್ದುಬಿಟ್ಟೆ. ನಮ್ಮಲ್ಲಿ ಮನೆ ಪೇಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ದಾಟಬಾರದು ಅನ್ನುವ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ಅದಕ್ಕೂ ಹಳೆಯ ಪೇಂಟಿನಲ್ಲಿ ಎಷ್ಟು ಸೀಸವಿದೆಯೋ ಬಲ್ಲವರ್ಯಾರು? ಒಣಗಿದ್ದನ್ನು ಉಜ್ಜಿ ಧೂಳು ಎಬ್ಬಿಸುವುದಕ್ಕಿಂತ ಅದು ಅಲ್ಲೇ ಅಂಟಿಕೊಂಡಿರಲಿ.

ಲೆಕ್ಕ ಹೀಗೆ ನಿಂತಿತು: ಟೈಲ್ಸ್ ಪೂರ್ತಿ ಶುದ್ಧ, ಸಂದಿನಲ್ಲಿ ನಾಲ್ಕಾರು ಬಿಳಿ ಗೆರೆ ಬಿಟ್ಟು. ಕಡಪ ಕಲ್ಲಿನ ಎಮಲ್ಷನ್ ಸ್ಯಾನಿಟೈಸರಿಗೆ ಹೋಯ್ತು. ಹಸಿರು ಬಿಲ್ಲೆಯೂ ಥಿನ್ನರಿಗೆ ಹೋಯ್ತು, ಆಸಿಡ್ ತಿಂದ ಬೂದಿ ಬಳೆ ಮಾತ್ರ ಉಳಿಯಿತು. ಅದರ ಮೇಲೆ ಈಗ ಅಕ್ಕಿ ಡಬ್ಬ. ನಡುಮನೆಯಲ್ಲಿ ಮಸಿಯಾದ ಜಾಗಕ್ಕೆ ದಿನಾ ಕೊಬ್ಬರಿ ಎಣ್ಣೆ ಉಜ್ಜುತ್ತಿದ್ದೇನೆ. ಹಬ್ಬದ ದಿನ ಕಳಶದ ಮಣೆಯನ್ನು ಅತ್ತೆ ಸರಿಯಾಗಿ ಅದರ ಮೇಲೇ ಇಟ್ಟರು, ಏನೂ ಮಾತಾಡದೆ.

ಹಬ್ಬ ಕಳೆದ ಮೂರನೇ ದಿನ ಪೇಂಟರ್ ಬಾಕಿ ದುಡ್ಡಿಗೆ ಬಂದ. ಮುಂದಿನ ರೂಮಿನಲ್ಲಿ ನಿಂತು ಟೈಲ್ಸನ್ನು ಆ ಮೂಲೆಯಿಂದ ಈ ಮೂಲೆಗೆ ನೋಡಿದ. ಮುಖ ಅರಳಿತು.

"ನಾನ್ ಹೇಳಿರ್ಲಿಲ್ವಾ ಅಕ್ಕಾ, ಒರೆಸಿದ್ರೆ ಹೋಗುತ್ತೆ ಅಂತ?"