ಬೋಟಿಗೆ ಆಟೋಪೈಲಟ್ ಕೊಳ್ಳುವವರು ಮೊದಲು ದಿಕ್ಸೂಚಿಗೆ ಜಾಗ ನೋಡಿ

ಕಾರವಾರದ ಬೈತಖೋಲ ಬಂದರಿನಲ್ಲಿ ನಮ್ಮದು ಮರದ ಟ್ರಾಲ್ ಬೋಟು. ಸ್ಟೇರಿಂಗಿಗೆ ಆಟೋಪೈಲಟ್, ಅಂದರೆ ಹೇಳಿದ ದಿಕ್ಕಿಗೆ ತಾನೇ ಚಕ್ರ ತಿರುಗಿಸುವ ಯಂತ್ರ, ಹಾಕಿಸಿ ಒಂದು ಸೀಸನ್ ಮುಗಿಯಿತು. ಮೋಟಾರ್ ಎಷ್ಟು ಶಕ್ತಿಯದ್ದು, ಪರದೆ ಎಷ್ಟು ದೊಡ್ಡದು ಎಂದು ಅಂಗಡಿಯವರೇ ಹೇಳುತ್ತಾರೆ. ಅವರು ಹೇಳದೆ ಬಿಟ್ಟದ್ದು ಅದಕ್ಕೆ ದಿಕ್ಕು ತಿಳಿಸುವ ದಿಕ್ಸೂಚಿ ಡಬ್ಬಿಯ ವಿಷಯ. ಶುರುವಿನಲ್ಲಿ ತಲೆ ಕೆಡಿಸಿದ್ದು ಅದೇ.

ಕೂರಿಸಲು ಬಂದ ಮೆಕ್ಯಾನಿಕ್ ವೈರು ಉಳಿಸಲು ಡಬ್ಬಿಯನ್ನು ಕ್ಯಾಬಿನ್ನಿನಲ್ಲಿ ವೈರ್‌ಲೆಸ್ ಸೆಟ್ಟಿನ ಸ್ಪೀಕರಿನ ಪಕ್ಕದಲ್ಲೇ ಹೊಡೆದು ಹೋದರು. ಸ್ಪೀಕರಿನ ಒಳಗೆ ಅಯಸ್ಕಾಂತ ಇರುತ್ತದೆ, ಅಲ್ವಾ? ದಕ್ಷಿಣಕ್ಕೆ ಹೊರಟರೆ ಬೋಟು ಸರಿಯಾಗಿಯೇ ಹೋಗುತ್ತಿತ್ತು. ಪಶ್ಚಿಮಕ್ಕೆ ತಿರುಗಿಸಿದರೆ ಪರದೆಯ ಡಿಗ್ರಿ ಒಂದು, ಜಿಪಿಎಸ್ ತೋರಿಸುವುದು ಇನ್ನೊಂದು. ಅಂಗಡಿಗೆ ಫೋನ್ ಮಾಡಿದಾಗಲೆಲ್ಲ ಸೆಟ್ಟಿಂಗ್ ಬದಲಿಸಿ ಎನ್ನುತ್ತಿದ್ದರು. ನೋಡಲು ಮಾತ್ರ ಯಾರೂ ಬರಲಿಲ್ಲ. ನನಗೆ ನಿಜಕ್ಕೂ ಸಿಟ್ಟು ಬಂದಿತ್ತು. ಕೊನೆಗೆ ನಾವೇ ಡಬ್ಬಿಯನ್ನು ಎಂಜಿನ್, ಕಬ್ಬಿಣ, ದಪ್ಪ ಬ್ಯಾಟರಿ ವೈರು ಎಲ್ಲದರಿಂದ ದೂರ ಸರಿಸಿದೆವು. ಗಾಳಿ ಇಲ್ಲದ ಬೆಳಿಗ್ಗೆ ಬೋಟನ್ನು ನಿಧಾನವಾಗಿ ಸುತ್ತು ಹೊಡೆಸಿ ದಿಕ್ಸೂಚಿ ಹೊಂದಿಸಿದೆವು. ಆಮೇಲೆ ಆ ತಕರಾರೇ ಇಲ್ಲ.

ಇದರ ಸುಖ ಗೊತ್ತಾದದ್ದು ಆಗ. ಬೆಳಗಿನ ಜಾವ ದೇವಗಡ ದ್ವೀಪದ ದೀಪಸ್ತಂಭ ದಾಟಿದ ಮೇಲೆ ಗುಂಡಿ ಒತ್ತುತ್ತೇನೆ. ಆಟೋಪೈಲಟ್ ಮೋಟಾರಿನ ಕ್ಲಚ್ ಟಕ್ಕೆಂದು ಹಿಡಿಯುತ್ತದೆ. ಚಕ್ರ ತಾನಾಗಿ ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ ಆಡುತ್ತದೆ. ನಾನು ಬಿಸಿ ಗಂಜಿ, ಸುಟ್ಟ ಒಣ ಬಂಗಡೆ ಎದುರಿಗಿಟ್ಟುಕೊಂಡು ಕೂರುತ್ತೇನೆ. ಒಂದು ಕೈ ಚಕ್ರದಲ್ಲಿಟ್ಟು ಆರಿದ ಗಂಜಿ ಕುಡಿದ ತಾಂಡೇಲರಿಗೆ, ಅಂದರೆ ಬೋಟು ನಡೆಸುವವರಿಗೆ, ಇದರ ಬೆಲೆ ಬೇರೆ ಹೇಳಬೇಕಿಲ್ಲ. ಕಣ್ಣು ಮಾತ್ರ ಮುಂದೆಯೇ ಇರಬೇಕು. ದೀಪ ಇಲ್ಲದ ಸಣ್ಣ ದೋಣಿ, ತೇಲುವ ಬಲೆ ಇದಕ್ಕೆ ಕಾಣುವುದಿಲ್ಲ. ಏನಾದರೂ ಎದುರಾದರೆ ಸ್ಟ್ಯಾಂಡ್‌ಬೈ ಒತ್ತಿ. ಕ್ಲಚ್ ಬಿಟ್ಟು ಚಕ್ರ ಕೈಗೆ ಬರುತ್ತದೆ.

ಇನ್ನೊಂದು ಮಾತು. ಇದು ಹಿಡಿದಿಡುವುದು ಬೋಟಿನ ಮೂತಿಯ ದಿಕ್ಕನ್ನು ಮಾತ್ರ. ನೀರಿನ ಸೆಳೆತ ಅಡ್ಡ ಇದ್ದರೆ ಮೂತಿ ಸರಿ ಇದ್ದರೂ ಬೋಟು ಪಕ್ಕಕ್ಕೆ ಜಾರುತ್ತದೆ. ಬಲೆ ಎಳೆಯುವಾಗ ಅದನ್ನು ನಾವೇ ನೋಡಿ ತಿದ್ದಬೇಕು. ಹಿಂದಿನಿಂದ ಅಲೆ ಬರುವ ದಿನ ಸ್ಟೇರಿಂಗ್ ಚುರುಕನ್ನು ಕಡಿಮೆ ಇಡುತ್ತೇನೆ. ಇಲ್ಲದಿದ್ದರೆ ಪ್ರತಿ ಅಲೆಗೂ ಮೋಟಾರ್ ಓಡಿ ಬ್ಯಾಟರಿ ಸುಮ್ನೆ ಖಾಲಿ.

ದುಡ್ಡು ಜಾಸ್ತಿಯೇ. ರಾತ್ರಿ ಸಮುದ್ರದಲ್ಲೇ ಉಳಿಯುವ ನಮ್ಮಂಥವರಿಗೆ ಸರಿ. ಬೆಳಿಗ್ಗೆ ಹೋಗಿ ಸಂಜೆ ಮರಳುವ ಬೋಟಾದರೆ ಆ ದುಡ್ಡಿಗೆ ಒಳ್ಳೆಯ ಬಲೆ ಕೊಳ್ಳಿ.

ದಡಕ್ಕೆ ಬಂದಾಗಲೆಲ್ಲ ಸ್ಟೇರಿಂಗಿನ ಚೈನು ಒರೆಸಿ, ಎಣ್ಣೆ ಬಿಟ್ಟು, ಬೆರಳಲ್ಲಿ ಒತ್ತಿ ಬಿಗಿ ನೋಡುತ್ತೇನೆ. ಉಪ್ಪು ಕಟ್ಟಿದರೆ ಹಿಡಿಯುತ್ತದೆ. ಸಡಿಲಾದರೆ ಬೋಟು ಹಾವಿನಂತೆ ಡೊಂಕಾಗಿ ಹೋಗುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ, ಮೀನುಗಾರಿಕೆ ನಿಷೇಧದ ಆ 61 ದಿನ, ಆಟೋಪೈಲಟ್ ಮೋಟಾರನ್ನು ಬಿಚ್ಚಿ ಮನೆಯಲ್ಲೇ ಇಡುತ್ತೇನೆ. ಈ ಸಲ ಚೈನೂ ಬದಲಿಸಬೇಕು. ಈ ಅಳತೆಯ ಸ್ಟೀಲ್ ಚೈನು ಇಲ್ಲಿ ಸಿಗಲಿಲ್ಲ, ಮಂಗಳೂರಿನಲ್ಲಿ ಕೇಳಿ ನೋಡುತ್ತೇನೆ.