ಝಾಝಿ: ಮೊದಲು ಓದುವುದೋ, ಮೊದಲು ನೋಡುವುದೋ?

ರೆಮೋ ಕ್ವೆನೋ ಫ್ರೆಂಚಿನಲ್ಲಿ ಬರೆದ ‘ಝಾಝಿ ದಾಂ ಲ ಮೆತ್ರೊ’ (ಮೆಟ್ರೊದಲ್ಲಿ ಝಾಝಿ, 1959) ಕಾದಂಬರಿಯನ್ನು ಬಾರ್ಬರಾ ರೈಟ್ ಅವರ ಇಂಗ್ಲಿಷ್ ಅನುವಾದದಲ್ಲಿ ಓದಿ ಮುಗಿಸಿದ ವಾರವೇ, ಲೂಯಿ ಮಾಲ್ 1960ರಲ್ಲಿ ಅದನ್ನು ಆಧರಿಸಿ ತೆಗೆದ ಸಿನಿಮಾ ನೋಡಿದೆ. ಆಮೇಲೆ ಎರಡನ್ನೂ ಇನ್ನೊಂದು ಸಲ, ಸಿನಿಮಾ ಮೊದಲು, ಪುಸ್ತಕ ಆಮೇಲೆ. ಕಥೆ ಒಂದೇ. ಅಮ್ಮ ಪ್ರಿಯಕರನನ್ನು ಕಾಣಲು ಪ್ಯಾರಿಸ್‌ಗೆ ಬಂದವಳು ಮಗಳು ಝಾಝಿಯನ್ನು ಸೋದರಮಾವ ಗಬ್ರಿಯೆಲ್‌ನ ಕೈಗೊಪ್ಪಿಸಿ ಹೋಗುತ್ತಾಳೆ. ಹುಡುಗಿಗೆ ಬೇಕಿರುವುದು ಮೆಟ್ರೊ ಸವಾರಿಯೊಂದೇ. ಆದರೆ ಮೆಟ್ರೊದಲ್ಲಿ ಮುಷ್ಕರ.

ಕಾದಂಬರಿ ಕಿವಿಗಾಗಿ ಬರೆದದ್ದು. ಮೊದಲ ಪದವೇ ‘ದುಕಿಪುದೊಂಕ್ತಾಂ’. ರೈಲು ನಿಲ್ದಾಣದ ಜನಜಂಗುಳಿಯಲ್ಲಿ ನಿಂತ ಗಬ್ರಿಯೆಲ್ ಇವರು ಯಾಕೆ ಇಷ್ಟು ನಾರುತ್ತಾರೆ ಎಂದುಕೊಳ್ಳುವುದನ್ನು ಕ್ವೆನೋ ಬಾಯಿಂದ ಬಂದ ಹಾಗೇ ಅಂಟಿಸಿ ಬರೆದಿದ್ದಾರೆ. ಕನ್ನಡದಲ್ಲಿ ಬರೆದು ನೋಡಿದೆ: ‘ಯಾಕಿಂಗ್‌ನಾರ್ತಾರಪ್ಪಿವ್ರು’. ಗ್ರಾಂಥಿಕಕ್ಕೂ ಆಡುಮಾತಿಗೂ ನಡುವೆ ಇಷ್ಟು ದೂರವಿರುವ ನಮಗೆ ಈ ಆಟ ಬೇಗ ದಕ್ಕುತ್ತದೆ. ಆದರೂ ಇಂಗ್ಲಿಷಿನ ಮೂಲಕ ಬಂದಾಗ ಎಷ್ಟೋ ಕಡೆ ತಮಾಷೆ ಇದೆ ಎಂದು ಗೊತ್ತಾಗುತ್ತಿತ್ತು, ನಗು ಬರುತ್ತಿರಲಿಲ್ಲ.

ಮಾಲ್ ಈ ಪದದಾಟದ ಬೆನ್ನು ಹತ್ತುವುದಿಲ್ಲ, ಅದೇ ಅವರ ಜಾಣ್ಮೆ. ಬರವಣಿಗೆಯ ಕಟ್ಟಳೆಯನ್ನು ಕ್ವೆನೋ ಮುರಿದ ಹಾಗೆ ಇವರು ಸಿನಿಮಾದ ಕಟ್ಟಳೆ ಮುರಿಯುತ್ತಾರೆ. ಕ್ಯಾಮೆರಾದ ವೇಗ ತಗ್ಗಿಸಿ, ನಟರನ್ನು ಬೇಕೆಂದೇ ನಿಧಾನವಾಗಿ ನಡೆಸಿದ ದೃಶ್ಯಗಳಿವೆ: ಹಾಗೆ ತೆಗೆದದ್ದು ತೆರೆಯ ಮೇಲೆ ಬೇಗ ಓಡುವುದರಿಂದ ನಟರು ಮಾಮೂಲಿಯಾಗಿದ್ದಾರೆ, ಹಿಂದಿನ ಊರು ಮಾತ್ರ ಹುಚ್ಚೆದ್ದು ಓಡುತ್ತದೆ. ಝಾಝಿಯನ್ನು ಒಬ್ಬ ಬೀದಿಬೀದಿ ಅಟ್ಟಿಸಿಕೊಂಡು ಹೋಗುವ ಭಾಗವನ್ನು ಎರಡನೇ ಸಲ ಧ್ವನಿ ತೆಗೆದು ನೋಡಿದೆ. ಏನೂ ಕಮ್ಮಿಯಾಗಲಿಲ್ಲ, ಅಷ್ಟೇ ನಕ್ಕೆ.

ಐಫೆಲ್ ಗೋಪುರದಲ್ಲಿ ಮಾತ್ರ ನಾನು ಪುಸ್ತಕದ ಪಕ್ಷ. ಪ್ಯಾರಿಸ್ ಒಂದು ಕನಸು, ತಾನೂ ಒಂದು ಕನವರಿಕೆ, ಝಾಝಿ ಆ ಕನವರಿಕೆ ಕಂಡ ಕನಸು ಎಂದು ಗಬ್ರಿಯೆಲ್ ತನ್ನಷ್ಟಕ್ಕೆ ಆಡುವ ಮಾತು ಓದುವಾಗ ನಗುನಗುತ್ತಲೇ ಗಂಟಲು ಕಟ್ಟಿತು. ಸಿನಿಮಾದಲ್ಲಿ ಗಬ್ರಿಯೆಲ್ ಆಗಿರುವ ಫಿಲಿಪ್ ನ್ವಾರೆ ಅದನ್ನು ಗೋಪುರದ ಕಬ್ಬಿಣದ ನಡುವೆ ಅಡ್ಡಾಡುತ್ತ ಹೇಳುತ್ತಾರೆ. ನನ್ನ ಕಾಲು ಜುಮ್ಮೆಂದು ಮಾತು ತಲೆಗೆ ಹೋಗಲೇ ಇಲ್ಲ. ಕೊನೆಯ ಹೋಟೆಲ್ ಹೊಡೆದಾಟವೂ ಅತಿಯಾಗಿ ಎಳೆದಂತಿದೆ.

ಫ್ರೆಂಚ್ ಬರುವವರು ಪುಸ್ತಕದಿಂದ ಶುರುಮಾಡಲಿ. ನನ್ನಂತೆ ಬಾರದವರಿಗೆ ಸಿನಿಮಾವೇ ಮೊದಲಾಗಲಿ. ಅದನ್ನು ನೋಡಿ ಓದಿದಾಗ ಝಾಝಿಯ ಪ್ರತಿ ಮಾತೂ ಆ ಪಾತ್ರ ಮಾಡಿದ ಕ್ಯಾಥರಿನ್ ದಮೊಂಜೊಳ ಸ್ವರದಲ್ಲೇ ಕೇಳಿಸಿತು. ಮುಷ್ಕರ ಮುಗಿದು ಮೆಟ್ರೊ ಹತ್ತುವ ಹೊತ್ತಿಗೆ ಅವಳಿಗೆ ಎಚ್ಚರವೇ ಇಲ್ಲ. ಮೆಟ್ರೊ ನೋಡಿದೆಯಾ ಎಂದು ಅಮ್ಮ ಕೇಳಿದರೆ ಇಲ್ಲ ಅನ್ನುತ್ತಾಳೆ. ಮತ್ತೇನು ಮಾಡಿದೆ? ‘ನಂಗೆ ವಯಸ್ಸಾಯ್ತು.’ ಮೊದಲ ಓದಿನಲ್ಲಿ ಈ ಸಾಲನ್ನು ಸರಕ್ಕನೆ ದಾಟಿ ಪುಸ್ತಕ ಮುಚ್ಚಿದ್ದೆ. ಆ ಪುಟ್ಟ ಮುಖ ಅದನ್ನು ಹೇಳಿದ್ದು ಕಂಡ ಮೇಲೆ ಆ ಪುಟಕ್ಕೆ ವಾಪಸು ಹೋದೆ.