ಪತಂಗದ ಜಾಗ ಅವರು ಕಾಯ್ತಾರೆ, ನಮ್ಮ ಜಾಗ ನಾವೇ ಕಾಯ್ಕೋಬೇಕು: ಐನ್ಯಾಚುರಲಿಸ್ಟ್ ಬಳಸಿ ನೋಡಿದ್ದು

ಕಂಡ ಜೀವಿಗಳ ಫೋಟೊ ಏರಿಸುವ ಐನ್ಯಾಚುರಲಿಸ್ಟ್ ಆ್ಯಪ್ ಬಗ್ಗೆ ಬರೆಯುವವರೆಲ್ಲ ಅದು ಗಿಡ, ಹುಳು, ಹಕ್ಕಿಗಳ ಹೆಸರು ಎಷ್ಟು ಚೆನ್ನಾಗಿ ಹೇಳುತ್ತದೆ ಅಂತ ಬರೆಯುತ್ತಾರೆ. ಹೇಳುತ್ತದೆ, ನಿಜ. ನಾನು ನೋಡಲು ಹೊರಟಿದ್ದು ಬೇರೆಯದನ್ನು. ಹುಳುವಿನ ಫೋಟೊ ಜೊತೆ ನಮ್ಮ ಹೆಸರು, ನಾವಿದ್ದ ಜಾಗ, ನಾವಿದ್ದ ಹೊತ್ತು ಕೂಡ ಹೋಗುತ್ತದಲ್ಲ, ಅದನ್ನು ಈ ಆ್ಯಪ್ ನಡೆಸುವವರು ಹೇಗೆ ನೋಡಿಕೊಳ್ಳುತ್ತಾರೆ?

ಹಿಂದೆ ನಾನು ಒಂದು ಆರೋಗ್ಯ ಸಮೀಕ್ಷೆಯಲ್ಲಿ ಮನೆಮನೆಗೆ ಹೋಗಿ ಫಾರಂ ತುಂಬಿಸುವ ಕೆಲಸ ಮಾಡಿದ್ದೆ. ಹೆಸರು, ವಿಳಾಸದ ಹಾಳೆ ಬೇರೆ, ಉತ್ತರಗಳ ಹಾಳೆ ಬೇರೆ. ಎರಡರ ಮೇಲೂ ಒಂದೇ ನಂಬರ್. ಸಂಜೆ ಎರಡೂ ಬೇರೆ ಬೇರೆ ಕಪಾಟಿಗೆ ಹೋಗುತ್ತಿದ್ದವು, ಎರಡರ ಕೀಲಿಯೂ ಒಬ್ಬರ ಹತ್ತಿರ ಇರುತ್ತಿರಲಿಲ್ಲ. ಆ ಅಭ್ಯಾಸ ಇನ್ನೂ ಬಿಟ್ಟಿಲ್ಲ. ಯಾವ ಆ್ಯಪ್ ಹಾಕಿಕೊಂಡರೂ ಮೊದಲು ಸೆಟ್ಟಿಂಗ್ಸ್ ತೆಗೆದು ಕೂರುತ್ತೇನೆ. ಮನೆಯವರಿಗೆ ಇದು ನಗೆಯ ವಿಷಯ.

ಈಗ ನನ್ನ ಹುಚ್ಚು ಪತಂಗ. ರಾತ್ರಿ ತಾರಸಿ ಮೇಲೆ ಬಿಳಿ ಬಟ್ಟೆ ಕಟ್ಟಿ, ಲೈಟ್ ಹಾಕಿ, ಬಂದು ಕೂತವುಗಳ ಫೋಟೊ ತೆಗೆಯುತ್ತೇನೆ. ಎಲ್ಲ ಫೋಟೊಗಳೂ ಒಂದೇ ಜಾಗದವು, ಅದು ನನ್ನ ಮನೆ. ಎಲ್ಲವೂ ರಾತ್ರಿ ಹೊತ್ತಿನವು, ಅಂದರೆ ಆ ಹೊತ್ತಿಗೆ ನಾನು ತಾರಸಿ ಮೇಲೆ ಒಬ್ಬಳೇ ಇರುತ್ತೇನೆ ಅಂತಲೂ ಆಯಿತು. ಯೋಚನೆ ಶುರುವಾಗಿದ್ದು ಅಲ್ಲಿಂದ.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ಇದು 2008ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಸ್ನಾತಕೋತ್ತರ ಪ್ರಾಜೆಕ್ಟ್ ಆಗಿ ಹುಟ್ಟಿದ್ದು. 2023ರಿಂದ ಸ್ವತಂತ್ರ, ಲಾಭರಹಿತ ಸಂಸ್ಥೆ. ಜಾಹೀರಾತಿನ ಕಾಟ ಇಲ್ಲ. ಖಾತೆ ತೆರೆಯುವಾಗ ಒಪ್ಪಿಗೆಗಳನ್ನೆಲ್ಲ ಒಂದೇ ಗುಂಡಿಗೆ ಕಟ್ಟಿರಲಿಲ್ಲ. ನನ್ನ ಮಾಹಿತಿ ಇಟ್ಟುಕೊಳ್ಳಲು ಒಂದು ಟಿಕ್, ಅದನ್ನು ಅಮೆರಿಕಕ್ಕೆ ಕಳಿಸಲು ಇನ್ನೊಂದು, ಫೋಟೊ ಮತ್ತು ದಾಖಲೆಗಳನ್ನು (ಯಾವ ಜೀವಿ, ಎಲ್ಲಿ, ಯಾವಾಗ ಕಂಡಿತು ಅನ್ನುವುದನ್ನು) ವಿಜ್ಞಾನಿಗಳು ಬಳಸಬಹುದು ಅನ್ನುವುದಕ್ಕೆ ಮತ್ತೊಂದು. ಮೊದಲಿನೆರಡು ಕಡ್ಡಾಯ. ಮೂರನೆಯದು ನಮ್ಮಿಷ್ಟ. ಸಮೀಕ್ಷೆಯ ಕೆಲಸ ಮಾಡಿದವರಿಗೆ ಇದರ ಬೆಲೆ ಗೊತ್ತು. ಕಡ್ಡಾಯ ಯಾವುದು, ಇಷ್ಟ ಯಾವುದು ಅಂತ ಬಿಡಿಸಿ ಹೇಳುವವರು ಕಡಿಮೆ. ನಿಜವಾದ ಹೆಸರು ಕೊಡಲೇಬೇಕು ಅಂತಲೂ ಇಲ್ಲ. ಇಮೇಲ್ ಬೇಕು, ಆದರೆ ಅದು ಹೊರಗೆ ಕಾಣಲ್ಲ.

ಇನ್ನು ಲೊಕೇಶನ್. ಆ್ಯಪ್ ಫೋಟೊದೊಳಗೇ ಇರುವ ಸಮಯ ಮತ್ತು ಜಾಗವನ್ನು ಓದಿ ತಾನೇ ತುಂಬಿಕೊಳ್ಳುತ್ತದೆ. ಪ್ರತಿ ದಾಖಲೆಗೂ ಮೂರು ಆಯ್ಕೆ: ಓಪನ್, ಅಬ್‌ಸ್ಕ್ಯೂರ್ಡ್ (ಮಬ್ಬು), ಪ್ರೈವೇಟ್. ಓಪನ್ ಇಟ್ಟರೆ ಮ್ಯಾಪಿನಲ್ಲಿ ಸರಿಯಾದ ಜಾಗದಲ್ಲೇ ಗುರುತು. ಪ್ರೈವೇಟ್ ಇಟ್ಟರೆ ಮ್ಯಾಪಿನಲ್ಲಿ ಏನೂ ಇಲ್ಲ. ನನಗೆ ಮೆಚ್ಚುಗೆಯಾಗಿದ್ದು ನಡುವಿನದು. ಅದನ್ನು ಆರಿಸಿದರೆ 0.2 ಡಿಗ್ರಿ ಉದ್ದ, 0.2 ಡಿಗ್ರಿ ಅಗಲದ ಒಂದು ಚೌಕದೊಳಗೆ ಎಲ್ಲೋ ಒಂದು ಕಡೆ ಗುರುತು ಬೀಳುತ್ತದೆ. ಸಮಭಾಜಕ ವೃತ್ತದ ಬಳಿ ಲೆಕ್ಕ ಹಾಕಿದರೆ ಆ ಚೌಕದ ಒಂದೊಂದು ಬದಿಯೂ ಸುಮಾರು 22 ಕಿಲೋಮೀಟರ್. ಅಷ್ಟು ಜಾಗದಲ್ಲಿ ನನ್ನ ತಾರಸಿ ಹುಡುಕಲು ಯಾರು ಬರ್ತಾರೆ? ನನ್ನ ಪರದೆಯ ಮೇಲೆ ಮಾತ್ರ ಸರಿಯಾದ ಜಾಗವೇ ಕಾಣುತ್ತದೆ.

ಇದರಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಜಾಗ ಮಬ್ಬು ಮಾಡಿದಾಗ ತಾರೀಖನ್ನೂ ಮಬ್ಬು ಮಾಡುತ್ತಾರೆ, ಬೇರೆಯವರಿಗೆ ತಿಂಗಳು ಮತ್ತು ವರ್ಷ ಮಾತ್ರ ಕಾಣುತ್ತದೆ. ಯಾಕೆ? ಅದೇ ದಿನ, ಹತ್ತು ನಿಮಿಷ ಮುಂಚೆ ತೆಗೆದ ಇನ್ನೊಂದು ಫೋಟೊವನ್ನು ನಾವು ಓಪನ್ ಇಟ್ಟಿದ್ದರೆ, ಎರಡನ್ನೂ ಪಕ್ಕದಲ್ಲಿಟ್ಟು ನೋಡಿದವರಿಗೆ ಜಾಗ ಸಿಕ್ಕಿಬಿಡುತ್ತದೆ. ಇದನ್ನು ಯೋಚಿಸಿ ಮಾಡಿದ್ದಾರೆ ಅನ್ನುವುದು ನೋಡಿದರೇ ಗೊತ್ತಾಗುತ್ತದೆ. ಆದರೂ ಪೂರ್ತಿ ಭದ್ರ ಅಲ್ಲ. ದಾಖಲೆಗಳ ನಂಬರ್ ಸಾಲಾಗಿ ಏರುತ್ತಾ ಹೋಗುತ್ತದೆ. ಒಂದೇ ಕೂತಲ್ಲಿ ಹತ್ತು ಫೋಟೊ ಏರಿಸಿ ಐದನೆಯದನ್ನು ಮಾತ್ರ ಮುಚ್ಚಿದರೆ, ನಾಲ್ಕು ಮತ್ತು ಆರು ಅದರ ಗುಟ್ಟು ಬಿಟ್ಟುಕೊಡುತ್ತವೆ. ಮುಚ್ಚುವುದಾದರೆ ಆ ರಾತ್ರಿಯದನ್ನೆಲ್ಲ ಮುಚ್ಚಿ.

ನನ್ನ ತಕರಾರು ಇರುವುದು ಬೇರೆ ಕಡೆ. ಅಪಾಯದ ಅಂಚಿನಲ್ಲಿರುವ ಜೀವಿ ಅಂತ ಗುರುತಾದರೆ ಸಾಮಾನ್ಯವಾಗಿ ಆ್ಯಪ್ ತಾನಾಗಿಯೇ ಅದರ ಜಾಗವನ್ನು ಮಬ್ಬು ಮಾಡುತ್ತದೆ. ಕಳ್ಳಬೇಟೆಯವರಿಗೆ, ಗಿಡ ಕಿತ್ತು ಮಾರುವವರಿಗೆ ದಾರಿ ತೋರಿಸಬಾರದು ಅಂತ. ಬಹಳ ಸರಿ. ಆದರೆ ಮನುಷ್ಯರಿಗೆ ಆ ಭಾಗ್ಯ ಇಲ್ಲ! ಒಬ್ಬರದೇ ನೂರಾರು ದಾಖಲೆಗಳು, ಎಲ್ಲ ರಾತ್ರಿಯವು, ಎಲ್ಲ ಒಂದೇ ಚುಕ್ಕೆಯ ಮೇಲೆ ಬಿದ್ದರೂ "ಇದು ನಿಮ್ಮ ಮನೆನಾ? ಮುಚ್ಚಬೇಕಾ?" ಅಂತ ಅದು ಕೇಳಲ್ಲ. ಸುಮ್ನೆ ಬಿಟ್ಟರೆ ಎಲ್ಲ ಓಪನ್. ಓಟ, ಸೈಕಲ್ ಸವಾರಿ ದಾಖಲಿಸುವ ಸ್ಟ್ರಾವಾದಲ್ಲಿ ಮನೆಯ ಸುತ್ತ ಒಂದು ವೃತ್ತ ಹಾಕಿ, ಅದರೊಳಗೆ ಶುರುವಾಗುವ ಅಥವಾ ಮುಗಿಯುವ ಭಾಗ ಬೇರೆಯವರಿಗೆ ಕಾಣದ ಹಾಗೆ ಮಾಡಬಹುದು. ಆ ಸ್ಟ್ರಾವಾದ ಮ್ಯಾಪೇ 2018ರಲ್ಲಿ ದೊಡ್ಡ ಸುದ್ದಿಯಾಗಿತ್ತು. ಯಾರ ಹೆಸರೂ ಇಲ್ಲದೆ, ಬರೀ ಓಡಾಟದ ಗೆರೆಗಳನ್ನು ಹೊಳೆಯುವ ಹಾಗೆ ತೋರಿಸಿದ್ದರು. ಆ ಗೆರೆಗಳಿಂದಲೇ ಸೈನಿಕ ನೆಲೆಗಳು ಎಲ್ಲಿವೆ ಅಂತ ಜನ ಕಂಡುಹಿಡಿದರು. ಹೆಸರು ತೆಗೆದ ಮಾತ್ರಕ್ಕೆ ಗುರುತು ಹೋಗಲ್ಲ ಅನ್ನುವುದಕ್ಕೆ ಬೇರೆ ಉದಾಹರಣೆ ಬೇಕಾ?

ನಾನು ಕಂಡುಕೊಂಡ ದಾರಿ ಹೇಳುತ್ತೇನೆ. ಅಬ್‌ಸ್ಕ್ಯೂರ್ಡ್ ಮಾಡಿದರೆ ಸಂಶೋಧಕರಿಗೆ ಉಪಯೋಗ ಕಮ್ಮಿ, ಅಷ್ಟು ದೊಡ್ಡ ಚೌಕದಲ್ಲಿ ಬೆಟ್ಟ, ಬಯಲು ಎರಡೂ ಇರಬಹುದು. ಅದಕ್ಕೆ ಮನೆಯ ಫೋಟೊಗಳಿಗೆ ನಾನು ಗುರುತನ್ನು ಎಳೆದು ಬೇರೆ ಕಡೆ ಇಡುತ್ತೇನೆ, ಅದರ ಸುತ್ತ ಇಡೀ ಬಡಾವಣೆ ಹಿಡಿಸುವಷ್ಟು ದೊಡ್ಡ ವೃತ್ತ ಹಾಕುತ್ತೇನೆ. ಜಾಗದ ಮಾಹಿತಿ ಸುಳ್ಳಲ್ಲ, ಬರೀ ಅಗಲ. ನನ್ನ ಮನೆ ಆ ವೃತ್ತದೊಳಗೇ ಇದೆ, ನಡುಮಧ್ಯದಲ್ಲಿ ಇಲ್ಲ ಅಷ್ಟೇ. ಈ ಜಾಗವನ್ನು ಪಿನ್ ಮಾಡಿ ಉಳಿಸಿಕೊಳ್ಳಬಹುದು, ಪ್ರತಿ ಸಲ ಎಳೆದಾಡಬೇಕಿಲ್ಲ. ಬೇರೆ ಕಡೆ ತೆಗೆದ ಫೋಟೊಗಳನ್ನು ಇದ್ದ ಹಾಗೇ ಬಿಡುತ್ತೇನೆ.

ಇಲ್ಲಿ ಗುಂಪು ಪ್ರಾಜೆಕ್ಟುಗಳೂ ಇರುತ್ತವೆ. ಯಾರೋ ಒಂದಿಷ್ಟು ಜನ ಸೇರಿ ಒಂದು ಪ್ರದೇಶದ್ದೋ ಒಂದು ಜಾತಿಯ ಜೀವಿಗಳದ್ದೋ ದಾಖಲೆ ಒಟ್ಟು ಮಾಡುತ್ತಾರೆ. ಕೆಲವಕ್ಕೆ ಸೇರುವಾಗ, ನೀವು ಮುಚ್ಚಿಟ್ಟ ಜಾಗಗಳನ್ನು ಪ್ರಾಜೆಕ್ಟ್ ನಡೆಸುವವರಿಗೆ ತೋರಿಸಬಹುದಾ ಅಂತ ಕೇಳುತ್ತದೆ. ಇದಕ್ಕೂ ಮೂರು ಉತ್ತರ: ಬೇಡ, ಜೀವಿ ಅಪಾಯದಲ್ಲಿದೆ ಅಂತ ತಾನಾಗಿ ಮಬ್ಬಾದದ್ದು ಮಾತ್ರ ತೋರಿಸಿ, ಎಲ್ಲವನ್ನೂ ತೋರಿಸಿ. ನಡುವಿನ ಉತ್ತರ ಇಟ್ಟವರಿಗೆ ಒಂದು ನಮಸ್ಕಾರ. ಹುಳುವಿನ ಜಾಗ ಸಂಶೋಧಕರಿಗೆ ಸಿಗುತ್ತದೆ, ನಾನೇ ಮುಚ್ಚಿದ್ದು ಮುಚ್ಚಿಯೇ ಇರುತ್ತದೆ. ಸಮೀಕ್ಷೆಯ ಎರಡು ಕಪಾಟಿಗೆ ಇದು ಸಮ.

ಒಮ್ಮೆ ಕೊಟ್ಟದ್ದನ್ನು ವಾಪಸ್ ಪಡೆಯಬಹುದಾ? ಬೇರೊಂದು ಸಂಶೋಧನಾ ಪ್ರಾಜೆಕ್ಟಿಗೆ ನನ್ನ ಮಾಹಿತಿ ಅಳಿಸಿ ಅಂತ ಬರೆದು ಉತ್ತರಕ್ಕೆ ಕಾದು ಕಾದು ಸಾಕಾಗಿದೆ. ಹೆಸರು ಹೇಳಲ್ಲ ಬಿಡಿ. ಇಲ್ಲಿ ಆ ತಾಪತ್ರಯ ಇಲ್ಲ, ಖಾತೆ ಅಳಿಸುವ ಗುಂಡಿ ಸೆಟ್ಟಿಂಗ್ಸ್‌ನಲ್ಲೇ ಇದೆ. ಒತ್ತಿದರೆ ದಾಖಲೆಗಳೂ ಹೋಗುತ್ತವೆ. ಅದಕ್ಕೂ ಮುಂಚೆ ಎಲ್ಲವನ್ನೂ ಡೌನ್‌ಲೋಡ್ ಮಾಡಿಕೊಳ್ಳಬಹುದು.

ಆದರೆ ಒಂದು ಎಳೆ ಉಳಿಯುತ್ತದೆ. ರಿಸರ್ಚ್ ಗ್ರೇಡ್ ಆದ, ಅಂದರೆ ಬೇರೆ ಬಳಕೆದಾರರೂ ಜೀವಿಯ ಹೆಸರನ್ನು ಒಪ್ಪಿದ ದಾಖಲೆಗಳು, ನಾವು ಕೊಟ್ಟ ಲೈಸೆನ್ಸ್ (ಬಳಕೆಯ ಅನುಮತಿ) ಅದಕ್ಕೆ ಹೊಂದಿದರೆ, ಜಿಬಿಐಎಫ್ ಅನ್ನುವ, ಜೀವಿಗಳ ದಾಖಲೆಗಳ ಜಾಗತಿಕ ಭಂಡಾರಕ್ಕೆ ಹೋಗುತ್ತವೆ. ಅದರ ಕಚೇರಿ ಕೋಪನ್‌ಹೇಗನ್‌ನಲ್ಲಿದೆ. ಅಲ್ಲಿಂದ ಸಂಶೋಧಕರು ಇಳಿಸಿಕೊಂಡ ಪ್ರತಿ ಕಂತಿಗೂ ಒಂದು ಗುರುತಿನ ನಂಬರ್ ಇರುತ್ತದೆ, ಪ್ರಬಂಧದಲ್ಲಿ ಅದನ್ನೇ ಕೊಡುತ್ತಾರೆ. ಇವತ್ತು ನಾನು ಖಾತೆ ಅಳಿಸಿದರೂ ಹೋದ ವರ್ಷ ಯಾರೋ ಇಳಿಸಿಕೊಂಡ ಕಂತಿನಲ್ಲಿ ನಾನು ಇದ್ದೇ ಇರುತ್ತೇನೆ. ಇದು ಮೋಸ ಅಲ್ಲ. ವಿಜ್ಞಾನದಲ್ಲಿ ಇನ್ನೊಬ್ಬರು ಅದೇ ಅಂಕಿ ಹಿಡಿದು ಮತ್ತೆ ಲೆಕ್ಕ ಮಾಡಿ ನೋಡಲು ಆಗಬೇಕು. ಅದಕ್ಕೇ ಹೆಸರಿನ ವಿಷಯದಲ್ಲಿ ಎಚ್ಚರ ಬೇಕು. ಪ್ರೊಫೈಲಿನಲ್ಲಿ ಪೂರ್ತಿ ಹೆಸರು ಬರೆದಿದ್ದರೆ 'ದಾಖಲಿಸಿದವರು' ಅನ್ನುವ ಕಾಲಂನಲ್ಲಿ ಅದೇ ಹೋಗುತ್ತದೆ, ಬರೆಯದಿದ್ದರೆ ಯೂಸರ್‌ನೇಮ್. ಅಲ್ಲಿ ನಾನು ಒಂದು ಪತಂಗದ ಹೆಸರು ಹಾಕಿಕೊಂಡಿದ್ದೇನೆ, ಯಾವುದು ಅಂತ ಇಲ್ಲೂ ಹೇಳಲ್ಲ.

2025ರ ಜೂನ್‌ನಲ್ಲಿ ಆದ ಗಲಾಟೆಯನ್ನೂ ಹೇಳಬೇಕು. ಜೆನರೇಟಿವ್ ಎಐ ಕೆಲಸಕ್ಕೆ ಗೂಗಲ್‌ನ ದಾನ ವಿಭಾಗದಿಂದ ಹಣ ಬಂದಿದೆ ಅಂತ ಇವರು ಪ್ರಕಟಿಸಿದರು. ಜೀವಿಗಳನ್ನು ಗುರುತಿಸಿಕೊಡುವ ಬಳಕೆದಾರರು ಬರೆದ ಟಿಪ್ಪಣಿಗಳಿಂದ ವಿವರಣೆ ತಯಾರಿಸುವ ಯೋಚನೆ. ಬಹಳ ಜನ ಸಿಟ್ಟಾದರು, ಕೆಲವರು ಖಾತೆಯನ್ನೇ ಅಳಿಸಿದರು. ಟಿಪ್ಪಣಿ ಹೆಸರು, ವಿಳಾಸದಂಥ ಮಾಹಿತಿ ಅಲ್ಲ, ಒಪ್ಪುತ್ತೇನೆ. ಆದರೆ ಹೊಸಬರಿಗೆ ಕಲಿಸಲಿ ಅಂತ ಬರೆದದ್ದನ್ನು ಇನ್ನೊಂದು ಕೆಲಸಕ್ಕೆ ತೆಗೆದುಕೊಳ್ಳುವ ಮುಂಚೆ ಕೇಳಬೇಕಿತ್ತು ಅನ್ನುವವರ ಪಕ್ಷವೇ ನನ್ನದು. ಸಮೀಕ್ಷೆಯಲ್ಲಾದರೆ ಹೊಸ ಕೆಲಸಕ್ಕೆ ಹೊಸ ಸಹಿ ಬೇಕಾಗುತ್ತಿತ್ತು.

ಮಕ್ಕಳಿಗೆ ಅಂತ ಕೇಳುವವರಿಗೆ ಇದಕ್ಕಿಂತ ಇವರದೇ ಸೀಕ್ ಆ್ಯಪ್ ಒಳ್ಳೆಯದು. ಖಾತೆಯೇ ಬೇಡ, ಕ್ಯಾಮೆರಾ ಹಿಡಿದರೆ ಹೆಸರು ಹೇಳುತ್ತದೆ.

ನನ್ನ ಅಂಕ ಐದಕ್ಕೆ ನಾಲ್ಕು. ಕೇಳುವ ರೀತಿಗೆ, ಮಬ್ಬು ಮಾಡುವ ಜಾಣತನಕ್ಕೆ, ಅಳಿಸುವ ಗುಂಡಿಗೆ ಪೂರ್ತಿ ಅಂಕ. ಒಂದು ಕಳೆದಿದ್ದು ಮನೆಯ ಜಾಗಕ್ಕೆ. "ಈ ವೃತ್ತದೊಳಗೆ ತೆಗೆದದ್ದೆಲ್ಲ ಮಬ್ಬು" ಅಂತ ಒಂದೇ ಸಲ ಹೇಳಿಬಿಡುವ ಆಯ್ಕೆ ಕೊಟ್ಟ ದಿನ ಆ ಅಂಕವನ್ನೂ ಹಾಕುತ್ತೇನೆ. ಅಲ್ಲಿಯವರೆಗೆ ಹೊಸದಾಗಿ ಸೇರುವವರು ಮೊದಲ ಫೋಟೊ ಮನೆಯಲ್ಲೇ ತೆಗೆಯುತ್ತೀರಿ ಅಲ್ವಾ, ಅದನ್ನು ಏರಿಸುವ ಮುಂಚೆಯೇ ಆ ದೊಡ್ಡ ವೃತ್ತವನ್ನು ಪಿನ್ ಮಾಡಿಟ್ಟುಕೊಳ್ಳಿ.